ಅಣ್ಣನ ಬುದ್ಧಿಮತ್ತೆ ಪರೀಕ್ಷೆ: ನಾಲ್ಕನೆಯ ಆವೃತ್ತಿ ಸಾಕೋ, ಐದನೆಯದೇ ಬೇಕೋ?

ಕಣದಮನೆ (ಸುಂಟಿಕೊಪ್ಪ)
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ತಿಳಿದವರು ಇದ್ದರೆ ದಯವಿಟ್ಟು ಹೇಳಿ.

ನನ್ನ ಅಣ್ಣನಿಗೆ ಈಗ 36 ವರ್ಷ. ಚಿಕ್ಕಂದಿನಿಂದಲೂ ಅವನಿಗೆ ಕಲಿಕೆ ನಿಧಾನ. ಏಳನೆಯ ತರಗತಿಯವರೆಗೆ ಹೇಗೋ ಹೋದ, ಆಮೇಲೆ ಬಿಟ್ಟ. 2003ರಲ್ಲಿ, ಅವನಿಗೆ 14 ಆಗಿದ್ದಾಗ, ಅಪ್ಪ ಮೈಸೂರಿಗೆ ಕರೆದುಕೊಂಡು ಹೋಗಿ ಮಕ್ಕಳ ಬುದ್ಧಿಮತ್ತೆ ಅಳೆಯುವ ಬಿನೆ–ಕಾಮತ್ ಪರೀಕ್ಷೆ ಮಾಡಿಸಿದ್ದರು. ವರದಿಯಲ್ಲಿ 68 ಎಂದು ಬರೆದಿತ್ತು. ಆ ಹಾಳೆ ಅಂದಿನಿಂದ ದೇವರ ಮನೆಯ ಪೆಟ್ಟಿಗೆಯಲ್ಲೇ ಇದೆ.

ಅಪ್ಪನಿಗೆ ಎಪ್ಪತ್ತು ತುಂಬಿತು. ನಮ್ಮ ನಂತರ ಇವನ ಗತಿ ಏನು ಎಂಬ ಚಿಂತೆ ಅವರನ್ನು ತಿನ್ನುತ್ತಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು ಮಾಡಿಸಿ, ಕಾನೂನು ಪ್ರಕಾರ ಪಾಲಕರನ್ನು ನೇಮಿಸಿಕೊಳ್ಳೋಣ ಎಂದು ಹೊರಟೆವು. ಹೊಸ ವರದಿ ಇದ್ದರೆ ಒಳ್ಳೆಯದು ಎಂದರು. ಹೋದ ತಿಂಗಳು ವೇಸ್ ಎಂಬ ದೊಡ್ಡವರ ಬುದ್ಧಿಮತ್ತೆ ಪರೀಕ್ಷೆಯ ನಾಲ್ಕನೆಯ ಆವೃತ್ತಿ ಮಾಡಿಸಿದ್ದಾಯಿತು. ಒಟ್ಟು ಅಂಕ 61.

ಅಮ್ಮ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಅತ್ತರು. "ಏಳು ಅಂಕ ಕಳೆದುಕೊಂಡಿದ್ದಾನೆ, ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ" ಎಂದು. ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗ, "ನಾಲ್ಕನೆಯದು ಹಳಸಲು, ಐದನೆಯ ಆವೃತ್ತಿ ಬಂದಾಗಿದೆ, ಅದನ್ನೇ ಮಾಡಿಸಿ" ಎನ್ನುತ್ತಾನೆ.

ನನ್ನ ಪ್ರಶ್ನೆ ಮೂರು. ಅಣ್ಣನ ಬುದ್ಧಿ ನಿಜವಾಗಿಯೂ ಕುಗ್ಗಿದೆಯೇ? ಐದನೆಯ ಆವೃತ್ತಿಯಲ್ಲಿ ಮತ್ತೊಮ್ಮೆ ಮಾಡಿಸಬೇಕೇ? ಮನೆಯಲ್ಲಿ ನಾವು ಆಡುವುದು ಕೊಡವ ತಕ್ಕ್, ಅವರು ಕೇಳಿದ್ದು ಕನ್ನಡದಲ್ಲಿ, ನಡುನಡುವೆ ಇಂಗ್ಲಿಷ್ ಪದ. ಇದರಿಂದ ವ್ಯತ್ಯಾಸ ಆಗುತ್ತದೆಯೇ?

ಮಳೆಹನಿ
ಅಮ್ಮನಿಗೆ ಮೊದಲು ಹೇಳಿ, ಅವರ ತಪ್ಪು ಏನೂ ಇಲ್ಲ. ಉಳಿದದ್ದು ಆಮೇಲೆ.

ಕಡಲಾಚೆಯ ಕೊಡಗು
ನಿಮ್ಮ ಸಂಬಂಧಿ ಹೇಳಿದ್ದು ಸರಿ. ನಾಲ್ಕನೆಯ ಆವೃತ್ತಿ ಬಂದದ್ದು 2008ರಲ್ಲಿ. ಐದನೆಯದು 2024ರಲ್ಲಿ ಬಂತು. ಹದಿನಾರು ವರ್ಷದ ಅಂತರ. ಹೊಸದು ಇರುವಾಗ ಹಳೆಯದನ್ನು ಬಳಸುವುದು ಏಕೆ? ರಕ್ತಪರೀಕ್ಷೆಗೆ ಹಳೆಯ ಯಂತ್ರ ಬಳಸಿದರೆ ಸುಮ್ಮನಿರುತ್ತೀರಾ?

ಪಾಠದಕೋಣೆ (ಮಡಿಕೇರಿ)
ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ, ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ.

68 ಮತ್ತು 61 ಒಂದೇ ಅಳತೆಗೋಲಿನ ಎರಡು ಗುರುತುಗಳಲ್ಲ. ಬಿನೆ ಮತ್ತು ಸಿಮೋನ್ 1905ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ್ದು ಮಕ್ಕಳ ಪರೀಕ್ಷೆ. ಯಾವ ಮಗುವಿಗೆ ಶಾಲೆಯಲ್ಲಿ ಹೆಚ್ಚಿನ ನೆರವು ಬೇಕು ಎಂದು ಗುರುತಿಸುವುದಷ್ಟೇ ಉದ್ದೇಶ. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು, ಅಂದರೆ ಮಗು ಎಷ್ಟು ವಯಸ್ಸಿನವರ ಪ್ರಶ್ನೆಗಳಿಗೆ ಉತ್ತರಿಸುತ್ತದೆಯೋ ಆ ವಯಸ್ಸನ್ನು, ನಿಜ ವಯಸ್ಸಿನಿಂದ ಭಾಗಿಸುವ ಉಪಾಯ ಹೇಳಿದ. ಅದನ್ನು ನೂರರಿಂದ ಗುಣಿಸಿದರೆ ನಮ್ಮ ಪಠ್ಯಪುಸ್ತಕದ ಬುದ್ಧಿಲಬ್ಧ. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ಸ್ಟ್ಯಾನ್‌ಫರ್ಡ್–ಬಿನೆ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹಬ್ಬಿಸಿದ.

ಅದರಿಂದಲೇ ಬಂದ ಬಿನೆ–ಕಾಮತ್ ಪರೀಕ್ಷೆಯಲ್ಲಿ ನಿಮ್ಮ ಅಣ್ಣನಿಗೆ 14ರಲ್ಲಿ 68 ಬಂದಿದ್ದರೆ, ಆಗಿನ ಮಾನಸಿಕ ವಯಸ್ಸು ಸುಮಾರು ಒಂಬತ್ತೂವರೆ. ಅದನ್ನೇ ಇಂದು 36ರಿಂದ ಭಾಗಿಸಿ ನೋಡಿ: 26 ಬರುತ್ತದೆ! ಮನುಷ್ಯ ಹಾಗೇ ಇದ್ದಾನೆ, ಅಂಕ ಮಾತ್ರ ಪಾತಾಳಕ್ಕೆ. ದೊಡ್ಡವರಿಗೆ ಈ ಸೂತ್ರ ಒಗ್ಗುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ವಯಸ್ಸು ಏರುತ್ತಲೇ ಇರುತ್ತದೆ, ಮಾನಸಿಕ ವಯಸ್ಸು ಅದರ ಜೊತೆಗೆ ಏರುವುದಿಲ್ಲ. ಟರ್ಮನ್ ಇದಕ್ಕೆ ತೇಪೆ ಹಾಕಿ, ದೊಡ್ಡವರು ಯಾರೇ ಆಗಲಿ 16ರಿಂದ ಭಾಗಿಸಿ ಎಂದ. ಹಾಗೆ ಮಾಡಿದರೆ 59.

ಕುಶಾಲನಗರ ಓದುಗ
59 ಎಂದರೆ 61ಕ್ಕೆ ಹತ್ತಿರವೇ ಆಯಿತಲ್ಲ. ಹಾಗಾದರೆ ಲೆಕ್ಕ ಕೂಡಿತು.

ಸೋಮವಾರಪೇಟೆಯವಳು, ಈಗ ಮೈಸೂರು
ಕೂಡಲಿಲ್ಲ. ಅದು ಕಾಕತಾಳೀಯ, ದಯವಿಟ್ಟು ಅದನ್ನು ಪುರಾವೆ ಎಂದುಕೊಳ್ಳಬೇಡಿ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಈ ಪರೀಕ್ಷೆಗಳನ್ನು ವಾರಕ್ಕೆ ಹಲವು ಬಾರಿ ಮಾಡುತ್ತೇನೆ. ಕಣದಮನೆಯವರೇ, ವರದಿಯಲ್ಲಿ ಒಟ್ಟು ಅಂಕದ ಕೆಳಗೆ ನಾಲ್ಕು ಸೂಚ್ಯಂಕಗಳು ಇರುತ್ತವೆ. ಅವು ಎಷ್ಟೆಷ್ಟು? ಹೆಸರು, ಆಸ್ಪತ್ರೆ ಏನನ್ನೂ ಬರೆಯಬೇಡಿ. ಅಂಕ ಮಾತ್ರ ಸಾಕು.

ಗೋಣಿಕೊಪ್ಪದ ಮೇಷ್ಟ್ರು
ಬಿನೆ–ಕಾಮತ್ ಹೆಸರು ಕೇಳಿ ಬರೆಯಲೇಬೇಕೆನಿಸಿತು. ಅದು ಮೈಸೂರಿನಲ್ಲಿ ಆದ ಕೆಲಸ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ವಿ. ವಿ. ಕಾಮತರು ಧಾರವಾಡದಲ್ಲಿ, ಅಂದರೆ ಆಗಿನ ಮುಂಬೈ ಪ್ರಾಂತ್ಯದಲ್ಲಿ, ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಸ್ಟ್ಯಾನ್‌ಫರ್ಡ್–ಬಿನೆಯನ್ನು ಒಗ್ಗಿಸಿದರು. 1934ರಲ್ಲೇ! ಇಂಗ್ಲಿಷ್ ಪ್ರಶ್ನೆಗಳನ್ನು ಪದಕ್ಕೆ ಪದ ಇಳಿಸದೆ, ನಮ್ಮ ಮಕ್ಕಳಿಗೆ ಯಾವುದು ಯಾವ ವಯಸ್ಸಿಗೆ ಬರುತ್ತದೆ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿ ನೋಡಿದರು. ಕನ್ನಡಕ್ಕೆ ಇಂಥ ಕೆಲಸ ಅಷ್ಟು ಬೇಗ ಸಿಕ್ಕಿತು ಎಂಬುದು ನನಗೆ ಇಂದಿಗೂ ಹೆಮ್ಮೆಯ ಮಾತು.

ತಿತಿಮತಿ ಟೀಚರ್
ಹೆಮ್ಮೆ ಇರಲಿ ಮೇಷ್ಟ್ರೇ. ಆದರೆ 1930ರ ದಶಕದ ಧಾರವಾಡದ ಮಕ್ಕಳ ಜೊತೆಗೆ 2003ರ ಸುಂಟಿಕೊಪ್ಪದ ಹುಡುಗನನ್ನು ತೂಗಿದ್ದು ಯಾವ ನ್ಯಾಯ? ಆಗ ಕೊಡಗು ಬೇರೆಯೇ ಪ್ರಾಂತ್ಯ. ನಮ್ಮ ಮಗು ಒಂದೂ ಆ ಪಟ್ಟಿಯಲ್ಲಿ ಇರಲಿಲ್ಲ.

ಗೋಣಿಕೊಪ್ಪದ ಮೇಷ್ಟ್ರು
ಅದಕ್ಕೆ ಕಾಮತರು ಹೊಣೆಯಲ್ಲ ತಾಯಿ. ಅವರ ನಂತರ ಎಪ್ಪತ್ತು ವರ್ಷ ನಾವೆಲ್ಲ ಏನು ಮಾಡುತ್ತಿದ್ದೆವು ಎಂದು ಕೇಳಬೇಕು.

ಪಾಠದಕೋಣೆ (ಮಡಿಕೇರಿ)
ಟೀಚರ್ ಹೇಳಿದ್ದರಲ್ಲಿ ದೊಡ್ಡ ವಿಷಯ ಇದೆ. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದ್ದು ಅದನ್ನೇ. ತಲೆಮಾರಿನಿಂದ ತಲೆಮಾರಿಗೆ ಜನರ ಅಂಕ ಏರುತ್ತಾ ಬಂದಿದೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು ಮೂರು ಅಂಕ. ಶಾಲೆ ಹೆಚ್ಚಿತು, ಊಟ ಸುಧಾರಿಸಿತು, ಚಿತ್ರ–ನಕ್ಷೆಗಳನ್ನು ನೋಡಿ ಯೋಚಿಸುವ ರೂಢಿ ಬಂತು, ಕಾರಣ ಹಲವು. ಆದ್ದರಿಂದ ಹಳೆಯ ಮಾನಕಗಳ ಮೇಲೆ, ಅಂದರೆ ಹಿಂದಿನವರ ಅಂಕಗಳಿಂದ ಕಟ್ಟಿದ ಹೋಲಿಕೆಯ ಪಟ್ಟಿಗಳ ಮೇಲೆ, ಅಳೆದರೆ ಇಂದಿನವರಿಗೆ ಅಂಕ ಉಬ್ಬಿ ಬರುತ್ತದೆ. 1934ರಿಂದ 2003ಕ್ಕೆ ಸುಮಾರು ಏಳು ದಶಕ, ದಶಕಕ್ಕೆ ಮೂರರಂತೆ ಇಪ್ಪತ್ತೊಂದು. 68ರಲ್ಲಿ ಅಷ್ಟು ಕಳೆದರೆ...

ಸೋಮವಾರಪೇಟೆಯವಳು, ಈಗ ಮೈಸೂರು
ಅಲ್ಲಿಗೇ ನಿಲ್ಲಿಸಿ ಸರ್! 47 ಎಂದು ಬರೆದುಬಿಟ್ಟರೆ ಆ ಮನೆಯವರು ಇಂದು ರಾತ್ರಿ ನಿದ್ದೆ ಮಾಡುವುದಿಲ್ಲ, ಮತ್ತು ಆ ಸಂಖ್ಯೆಗೆ ಅರ್ಥವೂ ಇಲ್ಲ. ದಶಕಕ್ಕೆ ಮೂರು ಎಂಬುದು ಅಮೆರಿಕದ ಗುಂಪುಗಳ ಸರಾಸರಿ. ಅದನ್ನು ಧಾರವಾಡದ ಮಾನಕಕ್ಕೆ ಅಂಟಿಸಿ ಒಬ್ಬ ಹುಡುಗನ ಅಂಕದಿಂದ ಕಳೆಯುವುದು ಸಲ್ಲದು. ಹಳೆಯ ಮಾನಕದಲ್ಲಿ ಅಂಕ ಹೆಚ್ಚಾಗಿ ತೋರುತ್ತದೆ ಎಂಬ ದಿಕ್ಕನ್ನಷ್ಟೇ ಫ್ಲಿನ್‌ನಿಂದ ತೆಗೆದುಕೊಳ್ಳಿ. 68 ಇದ್ದದ್ದು 61 ಆಯಿತು ಎಂಬುದರಿಂದ ಬುದ್ಧಿ ಕುಗ್ಗಿದೆ ಎಂದು ಹೇಳಲು ಬರುವುದಿಲ್ಲ. ಅಮ್ಮನಿಗೆ ತಿಳಿಸಬೇಕಾದ ಮಾತು ಇದು.

ಪಾಠದಕೋಣೆ (ಮಡಿಕೇರಿ)
ಒಪ್ಪಿದೆ. ತರಗತಿಯ ಹಲಗೆಯ ಮೇಲೆ ಮಾಡುವ ಲೆಕ್ಕವನ್ನು ಮನೆಯವರ ಮುಂದೆ ಮಾಡಬಾರದಿತ್ತು. ಕ್ಷಮಿಸಿ ತಂಗಿ.

ಕಣದಮನೆ (ಸುಂಟಿಕೊಪ್ಪ)
ಪರವಾಗಿಲ್ಲ ಸರ್, ನನಗೆ ಅರ್ಥವಾಯಿತು. ಅಮ್ಮನಿಗೆ ಈಗಲೇ ಓದಿ ಹೇಳಿದೆ. "ಹಾಗಾದರೆ ಅವನು ಇದ್ದ ಹಾಗೇ ಇದ್ದಾನಾ?" ಎಂದು ಎರಡು ಸಲ ಕೇಳಿದರು.

ಮೇಡಂ, ಸೂಚ್ಯಂಕಗಳು ಇಲ್ಲಿವೆ. ಭಾಷಾ ಗ್ರಹಿಕೆ 66, ದೃಶ್ಯ ತರ್ಕ 72, ಕಾರ್ಯಸ್ಮೃತಿ (ಕೇಳಿದ್ದನ್ನು ಆ ಹೊತ್ತಿಗೆ ನೆನಪಿಟ್ಟು ಬಳಸುವುದು) 63, ವೇಗ 56.

ಹಳೆಯ ಫೌಜಿ (ವಿರಾಜಪೇಟೆ)
ನಾನು ಒಂದು ಮಾತು ಹೇಳಲೇ? ಈ ಪರೀಕ್ಷೆಗಳೆಲ್ಲ ಬೆಳೆದದ್ದು ಸೈನ್ಯದಲ್ಲಿ. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಹದಿನೇಳು ಲಕ್ಷಕ್ಕೂ ಹೆಚ್ಚು ಜನರಿಗೆ ಪರೀಕ್ಷೆ ಮಾಡಿದರು. ಓದು ಬಲ್ಲವರಿಗೆ ಆಲ್ಫಾ, ಓದು ಬಾರದವರಿಗೆ ಮತ್ತು ಇಂಗ್ಲಿಷ್ ತಿಳಿಯದವರಿಗೆ ಚಿತ್ರ–ಆಕೃತಿಗಳ ಬೀಟಾ. ನಮ್ಮಲ್ಲೂ ಸೈನ್ಯದ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಗೆ ಹೋದವರಿಗೆ ಗೊತ್ತು, ಮೊದಲ ದಿನವೇ ಬುದ್ಧಿಮತ್ತೆಯ ಪತ್ರಿಕೆ ಇರುತ್ತದೆ, ಮಾತಿನದೊಂದು, ಆಕೃತಿಯದೊಂದು. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಮನೆಗೊಬ್ಬರಾದರೂ ಆ ಪತ್ರಿಕೆ ಬರೆದವರು ಇದ್ದಾರೆ.

ಮೂವತ್ತು ವರ್ಷದ ಸೇವೆಯಲ್ಲಿ ನಾನು ಕಂಡದ್ದು, ಪತ್ರಿಕೆಯಲ್ಲಿ ಹಿಂದೆ ಬಿದ್ದ ಎಷ್ಟೋ ಹುಡುಗರು ಕಷ್ಟದ ಹೊತ್ತಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಿಂತರು. ಅಂಕಕ್ಕೆ ಇಷ್ಟು ಬೆಲೆ ಕೊಡಬೇಡಿ.

ಪೊನ್ನಂಪೇಟೆಯ ಅಮ್ಮ
ಅಣ್ಣಾ, ಬೆಲೆ ಕೊಡಬೇಡಿ ಎಂದು ಹೇಳುವುದು ಸುಲಭ. ನನ್ನ ಮಗಳಿಗೆ 24. ಆ ಅಂಕದ ಹಾಳೆ ಇಲ್ಲದೆ ಅವಳಿಗೆ ಮಾಸಾಶನ ಬರುತ್ತಿರಲಿಲ್ಲ. ಬೇಕಾಗಿದ್ದಕ್ಕೇ ಮಾಡಿಸಿದ್ದು. ಯಾರಿಗೂ ಹುಚ್ಚಿಲ್ಲ.

ಹಳೆಯ ಫೌಜಿ (ವಿರಾಜಪೇಟೆ)
ಸರಿ ತಂಗಿ, ಆ ಕಡೆಯಿಂದ ನಾನು ಯೋಚಿಸಿರಲಿಲ್ಲ. ಮಾತು ಹಿಂತೆಗೆದುಕೊಂಡೆ.

ಪಾಠದಕೋಣೆ (ಮಡಿಕೇರಿ)
ಫೌಜಿಯವರು ಹೇಳಿದ ಸೈನ್ಯದ ಪರೀಕ್ಷೆಗೂ ವೇಸ್‌ಗೂ ನೇರ ಸಂಬಂಧ ಇದೆ. ಡೇವಿಡ್ ವೆಕ್ಸ್ಲರ್ ಅದೇ ಯುದ್ಧದಲ್ಲಿ ಸೈನ್ಯದ ಮನೋವಿಜ್ಞಾನಿಯಾಗಿ ಆ ಪರೀಕ್ಷೆಗಳನ್ನು ನಡೆಸಿದವರು. ರುಮೇನಿಯಾದಲ್ಲಿ 1896ರಲ್ಲಿ ಹುಟ್ಟಿ ಚಿಕ್ಕವರಿದ್ದಾಗಲೇ ಅಮೆರಿಕಕ್ಕೆ ಬಂದ ಕುಟುಂಬ. ಆಮೇಲೆ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ ಬಗೆಬಗೆಯ ಭಾಷೆಯ, ಬಗೆಬಗೆಯ ಹಿನ್ನೆಲೆಯ ದೊಡ್ಡವರನ್ನು ನೋಡಬೇಕಾಯಿತು. ಮಕ್ಕಳಿಗೆ ಮಾಡಿದ ಪ್ರಶ್ನೆಗಳನ್ನು ಅವರ ಮುಂದೆ ಇಟ್ಟರೆ ಅವಮಾನ ಮಾಡಿದಂತೆ. ಅದಕ್ಕಾಗಿ 1939ರಲ್ಲಿ ವೆಕ್ಸ್ಲರ್–ಬೆಲ್ವ್ಯೂ ಬಂತು. ಆಲ್ಫಾದ ಮಾತಿನ ಭಾಗ, ಬೀಟಾದ ಕೈಕೆಲಸದ ಭಾಗ ಎರಡೂ ಒಂದೇ ಪೆಟ್ಟಿಗೆಯಲ್ಲಿ. 1955ರಲ್ಲಿ ಅದೇ ವೇಸ್ ಆಯಿತು, 1981ರಲ್ಲಿ ಪರಿಷ್ಕೃತ ಆವೃತ್ತಿ, 1997ರಲ್ಲಿ ಮೂರನೆಯದು, 2008ರಲ್ಲಿ ನಾಲ್ಕನೆಯದು.

ವೆಕ್ಸ್ಲರ್ ಮಾಡಿದ ದೊಡ್ಡ ಕೆಲಸ, ಆ ಭಾಗಾಕಾರವನ್ನೇ ಕಿತ್ತುಹಾಕಿದ್ದು. 36ರ ಮನುಷ್ಯನನ್ನು 36ರ ಆಸುಪಾಸಿನವರ ಜೊತೆ ಮಾತ್ರ ಹೋಲಿಸು. ಆ ವಯಸ್ಸಿನವರ ಸರಾಸರಿಗೆ 100 ಎಂದು ಹೆಸರಿಡು, ಅಂಕಗಳು ಸರಾಸರಿಯ ಆಚೀಚೆ ಹರಡಿರುವ ಹರವಿಗೆ 15 ಎಂದು. ಮೂರರಲ್ಲಿ ಎರಡು ಪಾಲು ಜನ 85 ಮತ್ತು 115ರ ನಡುವೆ ಬರುತ್ತಾರೆ. ಈಗ ಬಳಕೆಯಲ್ಲಿರುವ ಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯುತ್ತವೆ.

ಕಡಲಾಚೆಯ ಕೊಡಗು
ಇತಿಹಾಸ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮಾನಕ ಹಳೆಯದಾದರೆ ಅಂಕ ಉಬ್ಬುತ್ತದೆ ಎಂದು ನೀವೇ ಹೇಳಿದಿರಿ. ಹಾಗಾದರೆ ಐದನೆಯದೇ ಸರಿ ಎಂದಾಯಿತಲ್ಲ.

ಸೋಮವಾರಪೇಟೆಯವಳು, ಈಗ ಮೈಸೂರು
ಹೊಸದು ಎಂದರೆ ಯಾರಿಗೆ ಹೊಸದು? ಐದನೆಯ ಆವೃತ್ತಿ ಬಂದದ್ದು ಅಮೆರಿಕದ ಜನರ ಮೇಲೆ ಕಟ್ಟಿದ ಮಾನಕದೊಂದಿಗೆ. ನಾಲ್ಕನೆಯದಕ್ಕೆ ಭಾರತದಲ್ಲೇ ಒಗ್ಗಿಸಿದ ಆವೃತ್ತಿ ಇದೆ, ಇಲ್ಲಿಯವರ ಮೇಲೆ ಕಟ್ಟಿದ ಮಾನಕ ಇದೆ. ಸುಂಟಿಕೊಪ್ಪದ ಏಳನೆಯ ತರಗತಿ ಓದಿದ ಮನುಷ್ಯನನ್ನು ನಾನು ಯಾರ ಜೊತೆ ಕೂರಿಸಿ ನೋಡಬೇಕು? ನನ್ನ ಮಟ್ಟಿಗೆ ಮಾನಕ ಯಾವ ಇಸವಿಯದು ಎಂಬುದಕ್ಕಿಂತ ಯಾರದು ಎಂಬುದು ಮೊದಲು ಬರುತ್ತದೆ.

ಐದನೆಯದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಒಳ್ಳೆಯ ಬದಲಾವಣೆಗಳಿವೆ. ನಾಲ್ಕನೆಯದರಲ್ಲಿ ಒಟ್ಟು ಅಂಕಕ್ಕೆ ಹತ್ತು ಉಪಪರೀಕ್ಷೆ ಬೇಕು, ಐದನೆಯದರಲ್ಲಿ ಏಳು ಸಾಕು. ಸುಸ್ತಾಗುವವರಿಗೆ ಅದು ದೊಡ್ಡ ಉಪಕಾರ. ದೃಶ್ಯ ತರ್ಕ ಎಂದು ಒಂದೇ ಗಂಟಿನಲ್ಲಿ ಇದ್ದದ್ದನ್ನು ಎರಡಾಗಿ ಬಿಡಿಸಿದ್ದಾರೆ. ಆಕಾರಗಳನ್ನು ಕಟ್ಟುವುದು ಒಂದು, ಹೊಸ ಸಮಸ್ಯೆಯಲ್ಲಿ ನಿಯಮ ಹುಡುಕುವುದು ಇನ್ನೊಂದು. ಹೀಗೆ ಸೂಚ್ಯಂಕ ಐದಾಯಿತು. ಅಮೆರಿಕದಲ್ಲಿ ಹುಟ್ಟಿ ಬೆಳೆದ ನಿಮ್ಮ ಮಗನಿಗೆ ಪರೀಕ್ಷೆ ಬೇಕಾದರೆ ನಾನೂ ಅದನ್ನೇ ಹೇಳುತ್ತೇನೆ.

ಇನ್ನೊಂದು ಕಾರಣ. ಪರೀಕ್ಷೆ ಆಗಿ ಒಂದು ತಿಂಗಳು. ಎರಡು ಆವೃತ್ತಿಗಳಲ್ಲೂ ಹಲವು ಉಪಪರೀಕ್ಷೆಗಳು ಒಂದೇ ಬಗೆಯವು. ಈಗಲೇ ಮತ್ತೆ ಕೂರಿಸಿದರೆ ಅಭ್ಯಾಸದ ಬಲದಿಂದ ಅಂಕ ಏರಬಹುದು, ಬೇಸರದಿಂದ ಇಳಿಯಲೂಬಹುದು. ಎರಡೂ ಅವರ ನಿಜವಾದ ಅಂಕ ಆಗುವುದಿಲ್ಲ.

ಕಡಲಾಚೆಯ ಕೊಡಗು
ಭಾರತೀಯ ಮಾನಕ ಎಂದರೆ ಕೊಡಗಿನವರ ಮಾನಕವೇನೂ ಅಲ್ಲವಲ್ಲ. ಅದರಲ್ಲಿ ಎಷ್ಟು ಜನ ಕೊಡವ ತಕ್ಕ್ ಆಡುವವರು ಇದ್ದಿರಬಹುದು?

ಸೋಮವಾರಪೇಟೆಯವಳು, ಈಗ ಮೈಸೂರು
ಈ ಮಾತು ನೂರಕ್ಕೆ ನೂರು ಸರಿ. ನಮ್ಮ ಕೆಲಸದ ದೊಡ್ಡ ಕೊರತೆಯೇ ಅದು. ಅದಕ್ಕೇ ಅಂಕದ ಜೊತೆಗೆ ಯಾವ ಭಾಷೆಯಲ್ಲಿ ಕೇಳಿದೆವು, ಮನೆಭಾಷೆ ಯಾವುದು, ಎಷ್ಟು ಓದಿದ್ದಾರೆ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು. ಬರೆಯದ ವರದಿ ಅರ್ಧ ವರದಿ.

ತಿತಿಮತಿ ಟೀಚರ್
ಭಾಷೆಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹಾಡಿಯಿಂದ ಬರುತ್ತಿದ್ದ ಯರವ ಬುಡಕಟ್ಟಿನ ಹುಡುಗನೊಬ್ಬನನ್ನು ಯಾರೋ ಶಿಬಿರದಲ್ಲಿ ಪರೀಕ್ಷಿಸಿ ಬುದ್ಧಿಮಾಂದ್ಯ ಎಂದು ಬರೆದು ಕಳುಹಿಸಿದರು. ಕೇಳಿದ್ದೆಲ್ಲ ಗ್ರಂಥದ ಕನ್ನಡದಲ್ಲಿ. ಆ ಮಗುವಿನ ಮನೆಭಾಷೆ ಯರವ. ಪ್ರಶ್ನೆಯೇ ಅರ್ಥವಾಗದೆ ಅವನು ನೆಲ ನೋಡುತ್ತಾ ನಿಂತಿದ್ದ. ನಾನು ಅಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ. ಈಗ ನೆನೆದರೂ ಸಂಕಟವಾಗುತ್ತದೆ. ಅದೇ ಹುಡುಗ ಮರುದಿನ ಬಿದಿರಿನ ಸೀಳುಗಳಿಂದ ಹಕ್ಕಿ ಹಿಡಿಯುವ ಬೋನು ಹೆಣೆದು ತಂದ. ಬಾಗಿಲು ಯಾವ ಕಡೆ ಬೀಳಬೇಕು, ಕಡ್ಡಿ ಎಷ್ಟು ಸಡಿಲ ಇರಬೇಕು, ಎಲ್ಲ ಲೆಕ್ಕ ಅವನ ಕೈಯಲ್ಲಿತ್ತು.

ಗೋಣಿಕೊಪ್ಪದ ಮೇಷ್ಟ್ರು
ಅಂಥ ಮಕ್ಕಳಿಗೆಂದೇ ನಮ್ಮ ದೇಶದಲ್ಲಿ ಮಾತಿಲ್ಲದ ಪರೀಕ್ಷೆ ಬಂದಿತ್ತು. ಸಿ. ಎಂ. ಭಾಟಿಯಾ ಅವರದು, 1955. ಉತ್ತರ ಪ್ರದೇಶದ ಓದು ಬಲ್ಲ ಹುಡುಗರಿಗೂ ಓದು ಬಾರದ ಹುಡುಗರಿಗೂ ಒಪ್ಪುವಂತೆ ಐದು ಕೈಕೆಲಸದ ಪರೀಕ್ಷೆ. ನಾವು ಬಿ.ಎಡ್. ಓದುವಾಗ ಆ ಮರದ ಪೆಟ್ಟಿಗೆ ಪ್ರಯೋಗಾಲಯದಲ್ಲಿ ಇತ್ತು. ಬಣ್ಣದ ಘನಗಳ ಅಂಚು ಸವೆದು ದುಂಡಗಾಗಿತ್ತು.

ಸೋಮವಾರಪೇಟೆಯವಳು, ಈಗ ಮೈಸೂರು
ವೇಸ್‌ನ ಕೈಕೆಲಸದ ಭಾಗವನ್ನು ಭಾರತೀಯ ದೊಡ್ಡವರಿಗೆ ಒಗ್ಗಿಸಿದವರು ಪ್ರಭಾ ರಾಮಲಿಂಗಸ್ವಾಮಿ, 1974ರಲ್ಲಿ. ಆದರೆ ಮೇಷ್ಟ್ರೇ, ಮಾತಿಲ್ಲದ ಪರೀಕ್ಷೆ ಎಂದ ಮಾತ್ರಕ್ಕೆ ಎಲ್ಲರಿಗೂ ಸಮ ಎಂದಲ್ಲ. ಚೌಕದ ಘನ, ಕಾಗದದ ಮೇಲಿನ ವಿನ್ಯಾಸ, ಗಡಿಯಾರ ಹಿಡಿದು ಕೂತ ಅಪರಿಚಿತರು, ಇದೆಲ್ಲ ಶಾಲೆಗೆ ಹೋದವರಿಗೆ ಹೆಚ್ಚು ಒಗ್ಗಿದ ಸಂಗತಿ.

ಬೆಟ್ಟದಮೇಲೆ
ಬುದ್ಧಿಮಾಂದ್ಯ ಎಂಬ ಪದ ಬಿಡೋಣ, ದಯವಿಟ್ಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಬೌದ್ಧಿಕ ಅಸಾಮರ್ಥ್ಯ ಎನ್ನುತ್ತದೆ.

ತಿತಿಮತಿ ಟೀಚರ್
ಅವರು ಬರೆದ ಪದ ಅದು, ನನ್ನದಲ್ಲ. ಆದರೂ ನೀವು ಹೇಳಿದ್ದು ಸರಿ.

ನಾಪೋಕ್ಲು ಹುಡುಗ
ಈ ಪರೀಕ್ಷೆಯ ಪ್ರಶ್ನೆಗಳು ಯಾರ ಬಳಿಯಾದರೂ ಇದ್ದರೆ ಇಲ್ಲಿ ಹಾಕಿ. ಮುಂದಿನ ಸಲ ಅವರ ಅಣ್ಣನಿಗೆ ತಯಾರಿ ಮಾಡಿಸಬಹುದು.

ಸೋಮವಾರಪೇಟೆಯವಳು, ಈಗ ಮೈಸೂರು
ಬೇಡ. ಯಾರೂ ಹಾಕಬೇಡಿ. ಪ್ರಶ್ನೆ ಬಯಲಾದರೆ ಆ ಪರೀಕ್ಷೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ತಯಾರಿ ಮಾಡಿಸಿ ಎಂಟು ಅಂಕ ಏರಿಸಿದಿರಿ ಎಂದುಕೊಳ್ಳಿ, ಆ ಮನುಷ್ಯನಿಗೆ ಸಿಗಬೇಕಾದ ನೆರವು ಕೈತಪ್ಪಿದರೆ ಯಾರು ಹೊಣೆ? ತರಬೇತಿ ಪಡೆದವರಿಗೆ ಮಾತ್ರ ಪ್ರಕಾಶಕರು ಈ ಪೆಟ್ಟಿಗೆ ಮಾರುವುದು ಇದೇ ಕಾರಣಕ್ಕೆ. ಮಾಡಿಸುವವರೂ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳುವ ಹಕ್ಕು ನಿಮಗಿದೆ.

ಕಣದಮನೆಯವರೇ, ಈಗ ನಿಮ್ಮ ಅಂಕಗಳ ವಿಷಯ. ದೃಶ್ಯ ತರ್ಕ 72, ವೇಗ 56. ಹದಿನಾರು ಅಂಕದ ಅಂತರ. ಇಷ್ಟು ವ್ಯತ್ಯಾಸ ಇದ್ದಾಗ ನಾನು ಒಟ್ಟು ಅಂಕವನ್ನು ನೋಡುವ ಮೊದಲು ಕೈ, ಕಣ್ಣು ನೋಡುತ್ತೇನೆ. ವೇಗದ ಪರೀಕ್ಷೆ ಪೆನ್ಸಿಲ್ ಹಿಡಿದು ಎರಡೆರಡು ನಿಮಿಷದಲ್ಲಿ ಮಾಡುವಂಥದ್ದು. ಅಣ್ಣನ ಕೈಗೆ ಏನಾದರೂ ತೊಂದರೆ ಇದೆಯೇ? ಕನ್ನಡಕ ಹಾಕುತ್ತಾರೆಯೇ? ನಡುಕದ ಅಥವಾ ಫಿಟ್ಸ್‌ನ ಮಾತ್ರೆ?

ಕಣದಮನೆ (ಸುಂಟಿಕೊಪ್ಪ)
ಮೇಡಂ, ಓದಿ ಕೈಕಾಲು ತಣ್ಣಗಾಯಿತು.

ಅಣ್ಣನಿಗೆ 19 ಆಗಿದ್ದಾಗ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರಕ್ಕೆ, ಪಲ್ಪರ್‌ಗೆ ಬಲಗೈ ಸಿಕ್ಕಿತ್ತು. ತೋರುಬೆರಳು ಮಡಚುವುದಿಲ್ಲ, ಹೆಬ್ಬೆರಳಿನ ತುದಿಗೆ ಸ್ಪರ್ಶ ಕಡಿಮೆ. ಪೆನ್ಸಿಲನ್ನು ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ನಡುವೆ ಸಿಕ್ಕಿಸಿಕೊಂಡು ಬರೆಯುತ್ತಾನೆ. ಸಹಿ ಹಾಕುವುದಕ್ಕೇ ಅರ್ಧ ನಿಮಿಷ. ಹದಿನೇಳು ವರ್ಷದಿಂದ ನೋಡಿ ನೋಡಿ ನಮಗೆ ಅದು ಮರೆತೇ ಹೋಗಿದೆ. ಪರೀಕ್ಷೆ ಮಾಡಿದವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಕೆಲಸದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಫೆಬ್ರವರಿಯಲ್ಲಿ ಕಣದಲ್ಲಿ ರೊಬಸ್ಟಾ ಚೆರ್ರಿ ಒಣಗಲು ಹಾಕಿದಾಗ ಗುಡ್ಡೆ ಯಾವಾಗ ತೆಗೆಯಬೇಕು ಎಂದು ಹೇಳುವವನು ಅವನೇ. ಎಡಗೈಯಲ್ಲಿ ಒಂದು ಹಿಡಿ ತೆಗೆದುಕೊಂಡು ಕಿವಿಯ ಹತ್ತಿರ ಅಲುಗಿಸುತ್ತಾನೆ. ಗಲಗಲ ಎಂದರೆ ತಲೆ ಆಡಿಸುತ್ತಾನೆ, ಇಲ್ಲದಿದ್ದರೆ ಮತ್ತೆ ಹರವುತ್ತಾನೆ. ಮೋಡ ಕವಿದರೆ ಯಾರೂ ಹೇಳದೆಯೇ ಟಾರ್ಪಾಲು ಎಳೆದಿರುತ್ತಾನೆ. ದುಡ್ಡಿನ ಲೆಕ್ಕ ಮಾತ್ರ ಬರುವುದಿಲ್ಲ. ಐನೂರರ ನೋಟು ಕೊಟ್ಟು ಚಿಲ್ಲರೆ ಕೇಳದೆ ಬರುತ್ತಾನೆ. ಒಬ್ಬನೇ ಮಡಿಕೇರಿಗೆ ಹೋಗಲಾರ.

ಹಳೆಯ ಫೌಜಿ (ವಿರಾಜಪೇಟೆ)
ಅಲುಗಿಸಿ ನೋಡುವುದು ನನ್ನ ತಂದೆಯೂ ಮಾಡುತ್ತಿದ್ದರು. ತೇವ ಅಳೆಯುವ ಯಂತ್ರ ತಂದ ಮೇಲೂ ಮೊದಲು ಕಿವಿ, ಆಮೇಲೆ ಯಂತ್ರ.

ಮಳೆಹನಿ
ಈ ಸಲ ಒಣಗಿಸುವುದೇ ಕಷ್ಟವಾಯಿತು. ಕೊಯ್ಲಿನ ಹೊತ್ತಿಗೇ ಮಳೆ. ನಿಮ್ಮ ಕಣ ಸಿಮೆಂಟಿನದೋ, ಸಗಣಿ ಸಾರಿಸಿದ್ದೋ?

ಕಣದಮನೆ (ಸುಂಟಿಕೊಪ್ಪ)
ಸಿಮೆಂಟು.

ಸೋಮವಾರಪೇಟೆಯವಳು, ಈಗ ಮೈಸೂರು
ನೀವು ಬರೆದ ಈ ಪ್ಯಾರಾ 61ಕ್ಕಿಂತ ಹೆಚ್ಚು ಹೇಳುತ್ತದೆ. ಇನ್ನೊಂದು ಆವೃತ್ತಿಗೆ ಹಣ ಸುರಿಯಬೇಡಿ. ಹೊಸ ಪೆಟ್ಟಿಗೆ ತಂದರೂ ಅದೇ ಬೆರಳು, ಅದೇ ಪೆನ್ಸಿಲ್. ಐದನೆಯದರ ಒಟ್ಟು ಅಂಕದಲ್ಲೂ ಪೆನ್ಸಿಲಿನ ಒಂದು ಉಪಪರೀಕ್ಷೆ ಇದ್ದೇ ಇದೆ.

ಪರೀಕ್ಷೆ ಮಾಡಿದವರ ಬಳಿಗೇ ಮರಳಿ ಹೋಗಿ. ಜಗಳ ಬೇಡ, ಕೈ ತೋರಿಸಿ. ನಾಲ್ಕನೆಯ ಆವೃತ್ತಿಯಲ್ಲೇ ಸಾಮಾನ್ಯ ಸಾಮರ್ಥ್ಯ ಸೂಚ್ಯಂಕ ಎಂದು ಒಂದಿದೆ. ವೇಗ ಮತ್ತು ಕಾರ್ಯಸ್ಮೃತಿಯನ್ನು ಬಿಟ್ಟು, ಭಾಷೆ ಮತ್ತು ದೃಶ್ಯ ತರ್ಕದಿಂದ ಲೆಕ್ಕ ಹಾಕುವುದು. ಇರುವ ಅಂಕಗಳಿಂದಲೇ ಬರುತ್ತದೆ, ಅಣ್ಣ ಮತ್ತೆ ಕೂರಬೇಕಾಗಿಲ್ಲ. ಬೆರಳಿನ ವಿಷಯ, ಮನೆಭಾಷೆ ಎರಡನ್ನೂ ವರದಿಗೆ ಸೇರಿಸಲು ಕೇಳಿ. ಒಟ್ಟು ಅಂಕದ ಪಕ್ಕದಲ್ಲಿ ಅದರ ವ್ಯಾಪ್ತಿಯೂ ಇರಲಿ. 61 ಎಂದರೆ ಕೆತ್ತಿಟ್ಟ 61 ಅಲ್ಲ, ಆಚೀಚೆ ಸುಮಾರು ನಾಲ್ಕು ಅಂಕ ಇದ್ದೇ ಇರುತ್ತದೆ.

ಅದಕ್ಕಿಂತ ಮುಖ್ಯ, ದಿನನಿತ್ಯದ ಬದುಕಿನ ಅಳತೆ. ಉಡುವುದು, ಉಣ್ಣುವುದು, ದುಡ್ಡು, ಓಡಾಟ, ಜನರ ಜೊತೆಗಿನ ವ್ಯವಹಾರ. ಇದಕ್ಕೆ ವೈನ್‌ಲ್ಯಾಂಡ್ ಮಾಪಕ ಬಳಸುತ್ತಾರೆ, ಮನೆಯವರನ್ನು ಕೇಳಿ ಬರೆದುಕೊಳ್ಳುವುದು. ಬೌದ್ಧಿಕ ಅಸಾಮರ್ಥ್ಯ ಎಂದು ಹೇಳಲು ಅಂಕ ಒಂದೇ ಸಾಲದು. ಈ ಭಾಗವೂ ಬೇಕು, ಚಿಕ್ಕಂದಿನಿಂದಲೇ ಇತ್ತು ಎಂಬ ಆಧಾರವೂ ಬೇಕು. ದೇವರ ಮನೆಯ ಪೆಟ್ಟಿಗೆಯಲ್ಲಿರುವ 2003ರ ಹಾಳೆ ಆ ಆಧಾರ. ಅದನ್ನು ಜೋಪಾನವಾಗಿ ಇಟ್ಟ ನಿಮ್ಮ ತಂದೆಗೆ ನನ್ನ ನಮಸ್ಕಾರ ತಿಳಿಸಿ.

ಕಡಲಾಚೆಯ ಕೊಡಗು
ಬೆರಳಿನ ವಿಷಯ ಓದಿದ ಮೇಲೆ ನನ್ನ ವಾದ ಬಿಟ್ಟೆ. ಆವೃತ್ತಿ ಯಾವುದು ಎಂದು ಇಲ್ಲಿಂದ ಗಟ್ಟಿಯಾಗಿ ಹೇಳುತ್ತಿದ್ದೆ, ಮನುಷ್ಯನ ಕೈ ನೋಡಿರಲಿಲ್ಲ.

ಮೂರ್ನಾಡು ಅಕ್ಕ
ನಮ್ಮ ಮಾವನವರಿಗೆ 64, ಮರೆವು ಶುರುವಾಗಿದೆ. ಓದು ಬಾರದವರು. ಅವರಿಗೂ ಇದೇ ವೇಸ್ ಮಾಡಿಸಬೇಕೇ?

ಸೋಮವಾರಪೇಟೆಯವಳು, ಈಗ ಮೈಸೂರು
ಅದು ಬೇರೆ ಪ್ರಶ್ನೆ ಅಕ್ಕ. ಮೊದಲು ನರರೋಗ ತಜ್ಞರಿಗೆ ತೋರಿಸಿ. ಪರೀಕ್ಷೆ ಬೇಕೆಂದರೆ ನಿಮ್ಹಾನ್ಸ್‌ನವರು 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾಮಾಲೆ ಇದೆ. ಅದರಲ್ಲಿ ಓದು ಬಾರದವರು, ಶಾಲೆ ಓದಿದವರು, ಕಾಲೇಜು ಓದಿದವರಿಗೆ ಬೇರೆ ಬೇರೆ ಮಾನಕ ಇದೆ. 65 ವರ್ಷದವರೆಗೆ, ಆದ್ದರಿಂದ ತಡ ಮಾಡಬೇಡಿ.

ಪೊನ್ನಂಪೇಟೆಯ ಅಮ್ಮ
ಕಣದಮನೆಯ ತಂಗಿಗೆ, ಕಾಗದದ ಕೆಲಸದ ಬಗ್ಗೆ. ಯುಡಿಐಡಿಗೆ ಮೊದಲು ಆನ್‌ಲೈನ್ ಅರ್ಜಿ, ಆಮೇಲೆ ಜಿಲ್ಲಾ ಆಸ್ಪತ್ರೆಯ ಮಂಡಳಿ. 2016ರ ಕಾಯ್ದೆಯಂತೆ ಅಸಾಮರ್ಥ್ಯ ಶೇಕಡಾ 40ಕ್ಕೆ ಕಡಿಮೆ ಇಲ್ಲದಿದ್ದರೆ ಮುಖ್ಯ ಸೌಲಭ್ಯಗಳು ಸಿಗುತ್ತವೆ. ಪಾಲಕರ ನೇಮಕ ಅದಕ್ಕೆ ಬೇರೆಯೇ. ಅದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಅಡಿಯಲ್ಲಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯಿಂದ. ಹದಿನೆಂಟು ದಾಟಿದ ಮೇಲೆ ತಂದೆ ತಾಯಿಯೂ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ ಎಂಬುದು ನನಗೆ ಎಷ್ಟೋ ತಡವಾಗಿ ಗೊತ್ತಾಯಿತು. ನಿರಾಮಯ ಆರೋಗ್ಯ ವಿಮೆಯನ್ನೂ ಕೇಳಿ, ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ. ಪ್ರತಿಯೊಂದರ ಮೂರು ಜೆರಾಕ್ಸ್ ಇಟ್ಟುಕೊಳ್ಳಿ.

ಕಣದಮನೆ (ಸುಂಟಿಕೊಪ್ಪ)
ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಮರಳಿ ಹೋಗಿದ್ದೆವು. ಅಣ್ಣ ಕೈ ಚಾಚಿದಾಗ ಪರೀಕ್ಷೆ ಮಾಡಿದವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. "ಘನಗಳನ್ನು ಎಡಗೈಯಲ್ಲೇ ಜೋಡಿಸಿದರು, ಎಡಚರು ಎಂದುಕೊಂಡೆ" ಎಂದರು. ವರದಿಗೆ ಒಂದು ಪುಟ ಸೇರಿಸಿದ್ದಾರೆ. ಬೆರಳು, ಮನೆಭಾಷೆ, ಓದು ಎಲ್ಲ ಇದೆ. ಸಾಮಾನ್ಯ ಸಾಮರ್ಥ್ಯ 67 ಎಂದು ಬಂತು. ವೈನ್‌ಲ್ಯಾಂಡ್‌ಗೆ ಅಮ್ಮನನ್ನೇ ಕೂರಿಸಿ ಮುಕ್ಕಾಲು ಗಂಟೆ ಕೇಳಿದರು. ಅಮ್ಮ ಕನ್ನಡದಲ್ಲಿ ತಡವರಿಸಿದಾಗ ನಾನು ಕೊಡವದಿಂದ ಕನ್ನಡಕ್ಕೆ ಇಳಿಸಿ ಹೇಳಿದೆ. ದುಡ್ಡಿನ ವಿಷಯ ಬಂದಾಗ ಅಮ್ಮ ಏನನ್ನೂ ಮುಚ್ಚಿಡಲಿಲ್ಲ.

67 ನೋಡಿ ಅಮ್ಮ, "68ರ ಹತ್ತಿರವೇ ಇದೆ" ಎಂದರು. ಎರಡೂ ಬೇರೆ ಬೇರೆ ಅಳತೆ ಎಂದು ಹೇಳಹೊರಟವಳು ಸುಮ್ಮನಾದೆ. ಮೇಡಂ, ತಪ್ಪಾಯಿತೇ?

ಸೋಮವಾರಪೇಟೆಯವಳು, ಈಗ ಮೈಸೂರು
ಇಲ್ಲ. ವರದಿಯಲ್ಲಿ ಸರಿಯಾಗಿ ಇದ್ದರೆ ಸಾಕು.

ಪೊನ್ನಂಪೇಟೆಯ ಅಮ್ಮ
ಮಂಡಳಿಯ ಮುಂದೆ ಹೋಗುವ ದಿನ ಅವನಿಗೆ ಹೊಟ್ಟೆ ತುಂಬ ತಿಂಡಿ ಕೊಟ್ಟು ಕರೆದುಕೊಂಡು ಹೋಗು ತಂಗಿ. ಸರದಿ ಉದ್ದ ಇರುತ್ತದೆ, ಕೂರಲು ಜಾಗ ಕಡಿಮೆ. ಹಳೆಯ ಹಾಳೆಯ ಮೂಲಪ್ರತಿಯನ್ನು ಕೈಬಿಡಬೇಡ, ಜೆರಾಕ್ಸ್ ಮಾತ್ರ ಕೊಡು.

ಕಣದಮನೆ (ಸುಂಟಿಕೊಪ್ಪ)
ಸರಿ ಅಕ್ಕ. ಶುಕ್ರವಾರ ಹೊರಟಿದ್ದೇವೆ. ಮೂಲಪ್ರತಿ ಅಪ್ಪ ಮತ್ತೆ ಪೆಟ್ಟಿಗೆಯಲ್ಲಿ ಇಟ್ಟರು, ಹೊಸ ವರದಿಯನ್ನೂ ಅದರ ಕೆಳಗೇ.